ಮೆರವಣಿಗೆಯ ಲಾರಿಗೆ ಒಂದು ಘೋಷವಾಕ್ಯ
(ಪ್ರೌಢಶಾಲೆಯ ಬೆಳ್ಳಿಹಬ್ಬದ ಸಿದ್ಧತಾ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ನಮ್ಮ ಹಳೆಯ ವಿದ್ಯಾರ್ಥಿಗಳ ಮೆರವಣಿಗೆ ಹೊರಡಲಿದೆ. ಮುಂದಿನ ಲಾರಿಯ ಮೇಲೆ ಸ್ತಬ್ಧಚಿತ್ರ. ಅದಕ್ಕೊಂದು ಘೋಷವಾಕ್ಯ ಬೇಕು, ಎರಡೂ ಭಾಷೆ ಕಲಿಸುವವರು ನೀವೇ ನೋಡಿಕೊಳ್ಳಿ ಎಂದು ಮುಖ್ಯೋಪಾಧ್ಯಾಯರು ನನಗೆ ವಹಿಸಿದರು. ಮಕ್ಕಳು ಡಬ್ಬಿಗೆ ಹಾಕಿದ ಚೀಟಿಗಳನ್ನೆಲ್ಲ ಓದಿದ್ದೇನೆ. ಹೆಚ್ಚಿನವುಗಳಲ್ಲಿ ವಿದ್ಯೆ ಇದೆ, ಬೆಳಕಿದೆ, ದೀಪವಿದೆ. ತಪ್ಪೇನಿಲ್ಲ. ಆದರೆ ಆ ಮಾತನ್ನು ಯಾವ ಶಾಲೆಯ ಲಾರಿಗಾದರೂ ಕಟ್ಟಬಹುದು. ಬಲ್ಬಿನ ಅಂಗಡಿಗೂ ಕಟ್ಟಬಹುದು.

ಜನರ ಬಾಯಲ್ಲಿ ಉಳಿದ ಘೋಷಣೆಗಳನ್ನು ನೋಡಿ. 1921ರಲ್ಲಿ ‘ಇನ್ಕಿಲಾಬ್ ಜಿಂದಾಬಾದ್’ ಎಂಬುದನ್ನು ಕೊಟ್ಟವರು ಮೌಲಾನಾ ಹಸ್ರತ್ ಮೊಹಾನಿ, ಉರ್ದುವಿನ ಗಜಲ್ ಕವಿ. 1929ರಲ್ಲಿ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಕೂಗಿದ್ದು ಅದನ್ನೇ. 1928ರ ‘ಸೈಮನ್ ಗೋ ಬ್ಯಾಕ್’, 1942ರ ‘ಕ್ವಿಟ್ ಇಂಡಿಯಾ’ ಎರಡನ್ನೂ ರೂಪಿಸಿದ ಹೆಸರು ಮುಂಬಯಿಯ ಯೂಸುಫ್ ಮೆಹರಲಿ ಅವರದು. ನಮ್ಮ ರಾಜ್ಯದಲ್ಲಿ 1974ರ ಭೂಸುಧಾರಣೆಯ ಕಾಲದಲ್ಲಿ ಹಳ್ಳಿಹಳ್ಳಿಯಲ್ಲಿ ಕೇಳಿದ್ದು ‘ಉಳುವವನೇ ಹೊಲದೊಡೆಯ’. ಎಲ್ಲವೂ ಎರಡು ಮೂರು ಪದ. ಯಾರಿಗೆ ಏನು ಹೇಳುತ್ತಿದ್ದಾರೆ ಎಂಬುದರಲ್ಲಿ ಅನುಮಾನವೇ ಇಲ್ಲ.

ಅಮೆರಿಕದ ಶಾಲಾ ಕಾಲೇಜುಗಳಲ್ಲಿ ‘ಹೋಮ್‌ಕಮಿಂಗ್’ ಎಂಬ ಹಬ್ಬವಿದೆ. ಹಳೆಯ ವಿದ್ಯಾರ್ಥಿಗಳು ಊರಿಗೆ ಮರಳುತ್ತಾರೆ, ಅಲಂಕರಿಸಿದ ಬಂಡಿಗಳ ಮೆರವಣಿಗೆ, ಆಮೇಲೆ ಫುಟ್ಬಾಲ್ ಪಂದ್ಯ. 1911ರಲ್ಲಿ ಮಿಸ್ಸೌರಿ ವಿಶ್ವವಿದ್ಯಾಲಯ ಇದನ್ನು ಆರಂಭಿಸಿತೆಂದು ಹಲವರು ಹೇಳುತ್ತಾರೆ. ಬೇರೆ ವಿಶ್ವವಿದ್ಯಾಲಯಗಳೂ ಆ ಹೆಗ್ಗಳಿಕೆ ತಮ್ಮದೆನ್ನುತ್ತವೆ. ಅಲ್ಲಿಯ ಬಂಡಿಗಳ ಮೇಲೆ ಎದುರಾಳಿ ತಂಡವನ್ನು ಕೆಣಕುವ ಮಾತುಗಳೇ ಹೆಚ್ಚು. ನಮಗೆ ಎದುರಾಳಿ ಯಾರೂ ಇಲ್ಲ. ನಾವು ಯಾರನ್ನು ಕರೆಯುತ್ತಿದ್ದೇವೆ ಎಂಬುದೇ ನಮ್ಮ ಪ್ರಶ್ನೆ.

ಆಮಂತ್ರಣದ ಪಟ್ಟಿಯನ್ನು ಎಸ್.ಎಸ್.ಎಲ್.ಸಿ. ಮುಗಿಸಿದವರ ಹೆಸರಿನಿಂದ ಮಾಡಲಾಗಿದೆ. ಅಡ್ಮಿಷನ್ ರಿಜಿಸ್ಟರನ್ನೂ ತೆರೆದು ನೋಡಬೇಕೆಂದು ನನ್ನ ವಿನಂತಿ. ಎಂಟನೆಯ ತರಗತಿಗೆ ಸೇರಿದ ಎಷ್ಟೋ ಹೆಸರುಗಳು ಹತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಇಲ್ಲ. ಗ್ಯಾರೇಜಿಗೆ ಹೋದ ಹುಡುಗರು, ಮದುವೆಯಾದ ಹುಡುಗಿಯರು, ಮನೆಯ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಉಳಿದವರು. ಮೆರವಣಿಗೆ ಹೋಗುವ ರಸ್ತೆಯಲ್ಲೇ ಇವರಲ್ಲಿ ಹಲವರ ಮನೆಗಳಿವೆ. ಬಾಗಿಲಲ್ಲಿ ನಿಂತು ನೋಡುವವರು ಅವರೇ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಚೀಟಿಯಲ್ಲಿ ಹೀಗಿತ್ತು: ‘ಶಾಲೆ ಬಿಟ್ಟವರೂ ನಮ್ಮವರೇ’. ನನಗೆ ಬೇಕಾದ ಮಾತು ಇದೇ. ಉರ್ದುವಿನಲ್ಲಿ ಬರೆದು ನೋಡಿದೆ: ‘ಜೋ ಛೂಟ್ ಗಯೇ, ವೋ ಭೀ ಹಮಾರೇ’. ಆಗ ಒಂದು ವ್ಯತ್ಯಾಸ ಕಂಡಿತು. ಕನ್ನಡದ ‘ಬಿಟ್ಟವರು’ ಎಂದರೆ ಅವರೇ ಬಿಟ್ಟರು ಎಂದಾಯಿತು. ಉರ್ದುವಿನ ‘ಛೂಟ್ ಗಯೇ’ ಎಂದರೆ ಕೈತಪ್ಪಿ ಹೋದರು. ಯಾರ ಕೈ ಎಂದು ಕೇಳಿದರೆ ನಾವೂ ಉತ್ತರ ಕೊಡಬೇಕಾಗುತ್ತದೆ. ಆದ್ದರಿಂದ ಕನ್ನಡದಲ್ಲಿ ‘ಓದು ನಿಂತವರೂ ನಮ್ಮವರೇ’ ಎಂದು ತಿದ್ದಿದ್ದೇವೆ. ಆ ಹುಡುಗಿಯೂ ಒಪ್ಪಿದ್ದಾಳೆ.

ಇನ್ನು ಯಾವ ಭಾಷೆ ಮೇಲೆ, ಯಾವುದು ಕೆಳಗೆ ಎಂಬ ಚರ್ಚೆ. ಅದು ಬೇಡವೇ ಬೇಡ. ಲಾರಿಯ ಎಡಮಗ್ಗುಲಿಗೆ ಕನ್ನಡ, ಬಲಮಗ್ಗುಲಿಗೆ ಉರ್ದು ಇರಲಿ. ಎಡಗಡೆ ನಿಂತು ನೋಡುವವರಿಗೆ ಲಾರಿಯ ಮುಂಭಾಗ ಅವರ ಎಡಕ್ಕಿರುತ್ತದೆ, ಕನ್ನಡ ಶುರುವಾಗುವುದೂ ಎಡದಿಂದ. ಬಲಗಡೆ ನಿಂತವರಿಗೆ ಮುಂಭಾಗ ಬಲಕ್ಕೆ, ಉರ್ದು ಶುರುವಾಗುವುದೂ ಬಲದಿಂದ. ಎರಡೂ ಕಡೆ ಮೊದಲ ಪದವೇ ಮೊದಲು ಕಣ್ಣೆದುರು ಬರುತ್ತದೆ. 16 ಅಡಿ ಉದ್ದದ ಲಾರಿ ನಡಿಗೆಯ ವೇಗದಲ್ಲಿ ಒಬ್ಬರ ಮುಂದೆ ದಾಟಲು 5–6 ಸೆಕೆಂಡು ಸಾಕು. ಹೆಚ್ಚು ಪದ ಸೇರಿಸಬೇಡಿ, ದಾನಿಗಳ ಹೆಸರನ್ನು ಹಿಂಬದಿಗೆ ಬರೆಸೋಣ.

ಆದರೆ ನಮ್ಮವರೇ ಎಂದ ಮೇಲೆ ಬಂದವರನ್ನು ಚಹಾ ಕೊಟ್ಟು ಕಳಿಸಿದರೆ ಸಾಲದು. ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಬರೆಯುವ ದಾರಿ ಇದೆ. ಮೆರವಣಿಗೆ ಶಾಲೆಗೆ ಮರಳಿದಾಗ ಗೇಟಿನ ಬಳಿ ಒಂದು ಮೇಜು ಹಾಕಿ, ಹೆಸರು ಬರೆದುಕೊಂಡು, ಹಳೆಯ ದಾಖಲೆ ಹುಡುಕಿಕೊಡಬೇಕು. ಸಂಜೆ ಪಾಠಕ್ಕೆ ಕನ್ನಡ, ಉರ್ದು ನಾನು ತೆಗೆದುಕೊಳ್ಳುತ್ತೇನೆ. ಗಣಿತ, ವಿಜ್ಞಾನಕ್ಕೆ ಇಬ್ಬರು ಬೇಕು. ಪೇಂಟರ್‌ಗೆ ಅಕ್ಷರ ಕೊಡುವ ಮೊದಲು ಆ ಇಬ್ಬರ ಹೆಸರನ್ನು ಈ ಸಭೆಯಲ್ಲೇ ಬರೆದುಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ಕೋರುತ್ತೇನೆ.