ಕೋಳಿ ಮಲಗುವ ಗೂಡು



ಇವತ್ತು ಸ್ಲೇಟು, ಪುಸ್ತಕ ಸ್ವಲ್ಪ ಹೊತ್ತು ಬದಿಗಿಡೋಣ. ಮೊನ್ನೆ ನಮ್ಮ ಕೇಂದ್ರದಲ್ಲಿ ಒಬ್ಬ ತಾಯಿ ಒಂದು ಮಾತು ಕೇಳಿದರು. "ನಮ್ಮನೇಲಿ ಪಂಜರದಾಗೆ ಗಿಳಿ ಐತೆ. ಚಳಿಗೆ ಮುದುರಿಕೊಂಡು ಕೂರ್ತದೆ. ಹಳೇ ಸೀರೆ ತುಂಡಲ್ಲಿ ಸಣ್ಣ ಗುಡಿಸಲ ಥರ ಹೊಲಿದು ಒಳಗೆ ಕಟ್ಟಲಾ?" ಅಂತ. ಅವರ ಮನಸ್ಸು ದೊಡ್ಡದು. ಆದರೆ ನಾವು ಎರಡು ವಿಷಯ ಹೇಳಬೇಕಾಯಿತು.

ನಮ್ಮ ನಾಡಿನ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು ಕಾನೂನಿನ ಪ್ರಕಾರ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಹಾಗಂತ ಹೆದರಿ ಬಾಗಿಲು ತೆಗೆದು ಹಾರಿಬಿಡಬೇಡಿ. ರೆಕ್ಕೆ ಕತ್ತರಿಸಿದ ಗಿಳಿ, ಮರಿಯಿಂದ ಕೈತುತ್ತು ತಿಂದ ಗಿಳಿ ಹೊರಗೆ ಬದುಕೋದು ಕಷ್ಟ. ಅರಣ್ಯ ಇಲಾಖೆಯವರಿಗೆ ತಿಳಿಸಿ ಒಪ್ಪಿಸಬೇಕು.

ಇನ್ನೊಂದು ಮಾತು ಬಟ್ಟೆಯದು. ಬಟ್ಟೆಯ ಗುಡಿಸಲು ನಮಗೆ ಬೆಚ್ಚಗೆ, ಹಕ್ಕಿಗೆ ಉರುಲು. ಅಂಚಿನ ನೂಲು ಬಿಚ್ಚಿಕೊಂಡು ಕಾಲ ಬೆರಳಿಗೆ ಸುತ್ತಿಕೊಳ್ಳುತ್ತದೆ. ಹಕ್ಕಿ ಎಳೆದಷ್ಟೂ ಬಿಗಿಯುತ್ತದೆ. ರಕ್ತ ಓಡದೆ ಬೆರಳು ಕಪ್ಪಾಗಿ ಉದುರುತ್ತದೆ. ಕೊಕ್ಕಿನಿಂದ ಕಚ್ಚಿ ಕಚ್ಚಿ ಎಳೆ ನುಂಗಿದರೆ ಅದು ಹೊಟ್ಟೆಯಲ್ಲಿ ಉಂಡೆಯಾಗಿ ಕೂರುತ್ತದೆ. ಮೇವು ಕೆಳಗೆ ಇಳಿಯೋದಿಲ್ಲ.

ಆಗ ಹಿಂದೆ ಕೂತಿದ್ದ ಒಬ್ಬರು ಅಂದರು: "ಗಿಳಿ ಕಥೆ ಇರಲಿ. ನಮ್ಮ ಕೋಳಿ ಮಲಗೋದೂ ಗೊಬ್ಬರದ ಚೀಲದ ಕೆಳಗೇ ಅಲ್ವಾ?" ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಹೌದು. ಅದೇ ನೂಲು, ಅದೇ ಕಾಲು. ಹಾಗಾಗಿ ಇವತ್ತಿನ ಮಾತು ಕೋಳಿ ಗೂಡಿನದು.

ಕೋಳಿ ಅಂದರೆ ಹೆಂಗಸಿನ ಗಂಟು. ಮೊಟ್ಟೆ ಮಾರಿದ ದುಡ್ಡಿಗೆ ಯಾರೂ ಲೆಕ್ಕ ಕೇಳೋದಿಲ್ಲ. ಮಗುವಿನ ನೋಟ್ ಪುಸ್ತಕಕ್ಕೆ, ಆಸ್ಪತ್ರೆಗೆ ಹೋಗುವ ಬಸ್ ಚಾರ್ಜಿಗೆ ಅದೇ ಆಗಬೇಕು. ಆ ಗಂಟನ್ನು ರಾತ್ರಿ ಎಲ್ಲಿ ಇಡುತ್ತೇವೆ? ಕುಕ್ಕೆ ಮುಚ್ಚಿ ಮೇಲೊಂದು ಕಲ್ಲು ಹೇರುತ್ತೇವೆ. ಇಲ್ಲ ಅಂದರೆ ಹಿತ್ತಲ ಮೂಲೆಯಲ್ಲಿ ನಾಲ್ಕು ಕಲ್ಲು, ಒಂದು ತಗಡು.

ನಮ್ಮ ಮನೆಯಲ್ಲೂ ಹಾಗೇ ಇತ್ತು. ಬಾಗಿಲಿಗೆ ಚಿಲಕ ಇರಲಿಲ್ಲ, ದಾರ ಕಟ್ಟುತ್ತಿದ್ದೆವು. ಒಂದು ರಾತ್ರಿ ಕಾಡುಬೆಕ್ಕು ದಾರ ಸರಿಸಿ ನುಗ್ಗಿತು. ಬೆಳಗ್ಗೆ ಎದ್ದು ನೋಡಿದರೆ ಆರು ಕೋಳಿ ಸತ್ತು ಬಿದ್ದಿದ್ದವು. ಅದು ಹೊತ್ತುಕೊಂಡು ಹೋಗಿದ್ದು ಒಂದನ್ನು ಮಾತ್ರ. ಹೇಂಟೆಗಳು ಕತ್ತಲಲ್ಲಿ ಕಣ್ಣು ಕಾಣದೆ ಕೂತಲ್ಲೇ ಕೂತಿದ್ದವು. ಕೋಳಿಗೆ ರಾತ್ರಿ ಕಣ್ಣು ಸರಿಯಾಗಿ ಕಾಣೋದಿಲ್ಲ. ಓಡಲಾರವು. ಅದಕ್ಕೇ ಅವುಗಳ ಪರವಾಗಿ ಗೂಡೇ ಎಚ್ಚರ ಇರಬೇಕು.

ಗೂಡು ಎಷ್ಟು ದೊಡ್ಡದಿರಬೇಕು? ಈಗ ನಮಗೆ ಲೆಕ್ಕ ಬರುತ್ತದಲ್ಲ, ಹಾಕೋಣ. ರಾತ್ರಿ ಮಲಗಲು ಒಂದು ಕೋಳಿಗೆ ಒಂದು ಚದರ ಅಡಿಗೆ ಕಮ್ಮಿ ಇರಬಾರದು. 10 ಕೋಳಿಗೆ 4 ಅಡಿ ಉದ್ದ, 3 ಅಡಿ ಅಗಲ. 4 ಮೂರಲಿ 12. ಎರಡು ಅಡಿ ಹೆಚ್ಚೇ ಇರಲಿ. ಹಗಲೆಲ್ಲ ಹೊರಗೆ ಮೇಯುವ ಕೋಳಿಗೆ ಇಷ್ಟು ಸಾಕು.

ಒಳಗೆ ಕೂರಲು ಅಡ್ಡಗೋಲು ಬೇಕು. ಕೋಳಿಯ ಸ್ವಭಾವವೇ ಮೇಲೆ ಕೂರೋದು. ನೆಲದ ಮೇಲೆ ಹಿಕ್ಕೆಯಲ್ಲಿ ಮಲಗಿದರೆ ರೋಗ ಬೇಗ ಹತ್ತುತ್ತದೆ. ಒಂದು ಕೋಳಿಗೆ ಒಂದು ಗೇಣು ಜಾಗ. 10 ಕೋಳಿಗೆ 10 ಗೇಣು, ಅಂದರೆ 5 ಮೊಳ, ಏಳೂವರೆ ಅಡಿ. 4 ಅಡಿಯ ಎರಡು ಕೋಲು ಹಾಕಿದರೆ ಆಯಿತು. ಎರಡೂ ಒಂದೇ ಎತ್ತರದಲ್ಲಿರಲಿ. ಒಂದು ಮೇಲೆ ಒಂದು ಕೆಳಗೆ ಇಟ್ಟರೆ ಮೇಲಿನದಕ್ಕೆ ಜಗಳ ಆಗುತ್ತೆ, ಕೆಳಗಿನವರ ಮೈಮೇಲೆ ಹಿಕ್ಕೆ ಬೀಳುತ್ತೆ. (ನಮ್ಮ ಅತ್ತೆ ಸೊಸೆಯರ ಹಾಗೇ ಅಂತ ಯಾರೋ ನಕ್ಕರು. ಇರಲಿ.) ಕೋಲು ಎರಡು ಇಂಚು ದಪ್ಪ ಇರಲಿ. ಅಂಚು ಚೂಪಾಗಿರಬಾರದು, ಕೆತ್ತಿ ನುಣುಪು ಮಾಡಿ. ನಾಟಿ ಕೋಳಿ ಎಷ್ಟು ಎತ್ತರಕ್ಕಾದರೂ ಹಾರುತ್ತದೆ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದ ಮೈ ಭಾರ. ಅದಕ್ಕೆ ಕೋಲು ಒಂದು ಅಡಿ ಎತ್ತರದಲ್ಲಿದ್ದರೆ ಸಾಕು. ಮೇಲಿಂದ ಧುಮುಕಿದರೆ ಕಾಲು ಊದಿಕೊಳ್ಳುತ್ತದೆ.

ಗೂಡನ್ನು ನೆಲಕ್ಕೆ ಅಂಟಿಸಬೇಡಿ. ಎರಡು ಅಡಿ ಎತ್ತರದ ನಾಲ್ಕು ಕಾಲಿನ ಮೇಲೆ ನಿಲ್ಲಿಸಿ. ಮಳೆ ನೀರು ಒಳಗೆ ಬರೋದಿಲ್ಲ, ಇಲಿ ಹೆಗ್ಗಣ ತೋಡಿಕೊಂಡು ನುಗ್ಗೋದಿಲ್ಲ. ಪ್ರತಿ ಕಾಲಿಗೂ ಹಳೇ ಡಬ್ಬದ ತಗಡು ಸುತ್ತಿ. ಇಲಿ ಹತ್ತಲು ಹೋದರೆ ಜಾರುತ್ತದೆ. ತಗಡಿನ ಅಂಚು ಮಾತ್ರ ಬಡಿದು ಮಡಚಬೇಕು, ಇಲ್ಲಾಂದ್ರೆ ಮಕ್ಕಳ ಕೈ ಕುಯ್ಯುತ್ತೆ. ತಳಕ್ಕೆ ಬಿದಿರಿನ ದಬ್ಬೆ ಹಾಕಿ. ಎರಡು ದಬ್ಬೆಯ ನಡುವೆ ಕಿರುಬೆರಳಿನಷ್ಟು ಸಂದಿ ಬಿಟ್ಟರೆ ಹಿಕ್ಕೆ ಕೆಳಗೆ ಬೀಳುತ್ತದೆ. ಅದನ್ನು ಗುಡಿಸಿ ತಿಪ್ಪೆಗೆ ಹಾಕಿ ಕೊಳೆಸಿದರೆ ಒಳ್ಳೇ ಗೊಬ್ಬರ. ಹಸಿಯಾಗಿ ಗಿಡದ ಬುಡಕ್ಕೆ ಹಾಕಬೇಡಿ, ಸುಡುತ್ತದೆ.

ಈಗ ಗಾಳಿಯ ಮಾತು. ಇಲ್ಲೇ ನಾವು ಹೆಚ್ಚು ತಪ್ಪೋದು. ಪಾಪ, ಚಳಿ ಅಂತ ಸುತ್ತ ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟುತ್ತೇವೆ. ಕೋಳಿಗೆ ಪುಕ್ಕವೇ ಕಂಬಳಿ. ಒಣ ಚಳಿ ತಡೆಯುತ್ತದೆ. ತಡೆಯದೇ ಇರೋದು ತೇವ ಮತ್ತು ಹಿಕ್ಕೆಯ ಘಾಟು. ಬೆಳಗ್ಗೆ ಬಾಗಿಲು ತೆಗೆದಾಗ ನಿಮ್ಮ ಕಣ್ಣು ಉರಿದರೆ ಒಳಗೆ ಗಾಳಿ ಸಾಲದು ಅಂತ ಅರ್ಥ. ಬೇಸಿಗೆಯಲ್ಲಿ ಇನ್ನೂ ಕಷ್ಟ. ಕೋಳಿಗೆ ನಮ್ಮ ಹಾಗೆ ಬೆವರು ಬರೋದಿಲ್ಲ. ಬಾಯಿ ತೆರೆದು ತೇಕುತ್ತದೆ ಅಷ್ಟೆ. ಅದಕ್ಕೆ ಗೋಡೆಯ ಮೇಲ್ಭಾಗದಲ್ಲಿ, ಕೋಳಿ ಕೂರುವ ಮಟ್ಟಕ್ಕಿಂತ ಮೇಲೆ, ಎರಡು ಕಡೆ ಒಂದೊಂದು ಗೇಣು ಜಾಗ ಬಿಡಿ. ಅಲ್ಲಿಗೆ ತಂತಿ ಬಲೆ ಹೊಡೆಯಿರಿ. ದೊಡ್ಡ ಕಣ್ಣಿನ ಬಲೆ ಅಗ್ಗ ಸಿಗುತ್ತದೆ. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಇಲಿ ಹಾವು ಒಳಗೆ ಬರೋದನ್ನು ತಡೆಯೋದಿಲ್ಲ. ಅರ್ಧ ಇಂಚಿನ ಕಣ್ಣಿನ ಬೆಸುಗೆ ಬಲೆ ತನ್ನಿ. ದುಡ್ಡು ಉಳಿಸೋದಾದರೆ ಬೇರೆ ಕಡೆ ಉಳಿಸಿ.

ಸೂರಿಗೆ ತಗಡು ಹಾಕಿದರೆ ಮೇಲೆ ತೆಂಗಿನ ಗರಿ ಹೊದಿಸಿ. ಕೀಟನಾಶಕದ ಚೀಲ, ಡಬ್ಬ ಯಾವ ಕೆಲಸಕ್ಕೂ ಬೇಡ, ತೊಳೆದರೂ ಬೇಡ. ಹರಿದ ಪ್ಲಾಸ್ಟಿಕ್ ಚೀಲ ಒಳಗೆ ಹಾಸಬೇಡಿ. ಅದರ ಎಳೆ ಕಾಲಿಗೆ ಸುತ್ತುತ್ತದೆ, ಮರಿಗಳು ನುಂಗುತ್ತವೆ. ಮೊಟ್ಟೆ ಇಡುವ ಬುಟ್ಟಿಗೆ ಒಣ ಹುಲ್ಲು ಹಾಕಿ. ಕಟ್ಟಿದ ಮೇಲೆ ಒಳಗೆಲ್ಲ ಕೈಯಾಡಿಸಿ ನೋಡಿ, ಮೊಳೆಯ ತುದಿ, ತಂತಿಯ ತುಂಡು ಉಳಿದಿರಬಾರದು.

ರಾತ್ರಿ ಕೋಳಿ ಕೋಲಿನ ಮೇಲೆ ನಿಲ್ಲದೆ ಚಡಪಡಿಸಿದರೆ ಸಂದಿಗಳನ್ನು ನೋಡಿ. ಒಂದು ಜಾತಿ ಉಣ್ಣಿ ಹಗಲು ಸಂದಿಯಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತದೆ. ಕೋಲು ಬಿಚ್ಚಿ ಬಿಸಿಲಿಗೆ ಹಾಕಿ, ಒಳಗೆಲ್ಲ ಸುಣ್ಣ ಬಳಿಯಿರಿ. ಸುಣ್ಣ ಪೂರ್ತಿ ಒಣಗಿದ ಮೇಲೇ ಕೋಳಿ ಬಿಡಬೇಕು.

ಬಾಗಿಲಿಗೆ ಚಿಲಕ ಇರಲಿ, ಚಿಲಕಕ್ಕೆ ಒಂದು ಗೂಟವೂ ಇರಲಿ. ಹೊತ್ತು ಮುಳುಗಿದ ಕೂಡಲೇ ಎಣಿಸಿ ಮುಚ್ಚಬೇಕು. ಬೆಳಗ್ಗೆ ತೀರಾ ನಸುಕಿನಲ್ಲಿ ಬಿಡಬೇಡಿ, ಚೆನ್ನಾಗಿ ಬೆಳಕಾಗಲಿ. ಮುಂಗುಸಿ ಹಗಲಿನ ಕಳ್ಳ, ಅದಕ್ಕೆ ಮರಿಗಳ ಮೇಲೆ ಹಗಲೂ ಕಣ್ಣಿಡಬೇಕು. ಗೂಡಿನ ಸುತ್ತ ಕಾಳು ಚೆಲ್ಲಿ ಬಿಟ್ಟರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಕತ್ತಲಲ್ಲಿ ಬ್ಯಾಟರಿ ಬಿಡದೆ ಮೊಟ್ಟೆಗೆ ಅಂತ ಕೈ ಹಾಕಬೇಡಿ. ಕೋಳಿ ಹೋದರೆ ಇನ್ನೊಂದು ತರಬಹುದು.

ಬರುವ ಭಾನುವಾರ ಮೊದಲ ಗೂಡು ಕಟ್ಟೋಣ, ಗಿಳಿ ವಿಷಯ ಕೇಳಿದ ತಾಯಿಯ ಹಿತ್ತಲಲ್ಲೇ. ಅವರ ಮನೇಲಿ ಎಂಟು ಕೋಳಿ ಇವೆಯಂತೆ. ಎಂಟು ಕೋಳಿಗೆ ಕೋಲು ಎಷ್ಟು ಗೇಣು, ಎಷ್ಟು ಅಡಿ ಬೇಕು ಅಂತ ಮನೇಲಿ ಲೆಕ್ಕ ಹಾಕಿ ಬರೆದುಕೊಂಡು ಬನ್ನಿ. ಕತ್ತಿ ಇದ್ದವರು ಕತ್ತಿ ತನ್ನಿ, ಬಿದಿರು ನಾವು ತರ್ತೀವಿ.