ಮದ್ದಿನ ಅರಿವು, ಕಾಡಿನ ಹಕ್ಕು



ನಾವಿಂದು ಸೇರಿರುವ ಈ ರಾಜಾಜಿನಗರದಲ್ಲಿ ಅಳಲೆಕಾಯಿ, ಒಣನೆಲ್ಲಿಗಳು ಗ್ರಂಥಿಗೆ ಅಂಗಡಿಯ ಸರಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಾದರೋ ಮದ್ದಿನೊಡನೆ ಮರದ ರೋಗವನ್ನೂ ಬಲ್ಲರು. ನೆಲ್ಲಿಯನ್ನು ಹೀರುವ ಬಂದಳಿಕೆಯನ್ನು ಅವರು ‘ಉಪ್ಪಿಲು’ ಎನ್ನುವರು. ಹಿಂದೆ ತರಗಿಗೆ ಹಚ್ಚುತ್ತಿದ್ದ ಹಗುರ ಬೆಂಕಿಯು ಉಪ್ಪಿಲನ್ನೂ ಲಾಂಟಾನವನ್ನೂ ಹತೋಟಿಯಲ್ಲಿಡುತ್ತಿತ್ತೆಂಬುದು ಹಿರಿಯರ ಅನುಭವ. 1974ರಲ್ಲಿ ಬೆಟ್ಟವು ಅಭಯಾರಣ್ಯವಾಯಿತು. ಆ ಬೆಂಕಿಗೆ ತಡೆ ಬಿದ್ದಿತು.

1981ರಲ್ಲಿ ಡಾ. ಎಚ್. ಸುದರ್ಶನ್ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆಸ್ಪತ್ರೆಯ ಚಿಕಿತ್ಸೆಯೊಡನೆ ನಾಟಿಮದ್ದಿಗೂ ಮನ್ನಣೆಯಿತ್ತಿತು. ದೊಡ್ಡ ಕೆಲಸವೇ ಸರಿ. ಆದರೆ ಕಾಡಿಗೆ ಹೋಗಗೊಡದೆ ಮದ್ದನ್ನಷ್ಟೇ ಮನ್ನಿಸಿದರೆ ಫಲವೇನು? ಬೇರನ್ನು ಗುರುತಿಸುವುದನ್ನು ಮಗು ಕಲಿಯುವುದು ಅಜ್ಜನ ಹಿಂದೆ ನಡೆದೇ ಹೊರತು ಪುಸ್ತಕದಿಂದಲ್ಲ.

2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ 25 ಪೋಡುಗಳಿಗೆ ಸಮುದಾಯದ ಹಕ್ಕು ದೊರೆಯಿತು. ಕಿರು ಅರಣ್ಯೋತ್ಪನ್ನ ಸಂಗ್ರಹಿಸುವುದೂ ಅದರಲ್ಲಿ ಸೇರಿದೆ. ನಮ್ಮ ಬೆಟ್ಟದ ಹಳ್ಳಿಗಳ ಗ್ರಾಮಸಭೆಗಳು ಆ ಹಕ್ಕುಪತ್ರದ ಪ್ರತಿಯನ್ನು ತರಿಸಿ ಓದಲಿ.