ಅಮ್ಮನ ಒಂದು ಗಂಟೆಗೆ ಎಷ್ಟು ರೂಪಾಯಿ?

ಹಿಂದೆ ಗಾಳಿ ಸದ್ದು ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಈ ಎಪಿಸೋಡನ್ನ ಅತ್ತಿಗುಂಡಿಯ ನಮ್ಮ ಮನೆ ಜಗಲಿಯಲ್ಲಿ ಕೂತು ಫೋನಲ್ಲೇ ರೆಕಾರ್ಡ್ ಮಾಡ್ತಾ ಇದ್ದೀನಿ. ಚಿಕ್ಕಮಗಳೂರಿಂದ ಬಾಬಾಬುಡನ್‌ಗಿರಿಗೆ ಬೈಕಲ್ಲಿ ಬಂದಿರೋರಿಗೆ ಗೊತ್ತಿರುತ್ತೆ, ಕೈಮರದ ಚೆಕ್‌ಪೋಸ್ಟ್ ದಾಟಿ ಮೇಲೆ ಹತ್ತಿದ್ರೆ ಸಿಗೋ ಊರು. ನೀವು ಟೀ ಕುಡಿದು, ಮಂಜಿನ ಫೋಟೋ ತೆಗೆದು ಹೋಗಿರ್ತೀರ. ನಾವು ಆ ಮಂಜಲ್ಲೇ ಕಾಫಿ ಒಣಗಿಸ್ತೀವಿ. ಇವತ್ತಿನ ಮಾತು ಅದರ ಬಗ್ಗೆನೇ.

ದುಡ್ಡು ಕೊಟ್ಟು ಟೈಮ್ ಕೊಂಡ್ಕೊಳ್ಳೋದು ಅಂದ ಕೂಡ್ಲೇ ಎಲ್ರೂ ಊಟದ ಆ್ಯಪ್, ಹತ್ತು ನಿಮಿಷದ ಡೆಲಿವರಿ ಅಂತಾರೆ. ಬೆಂಗಳೂರಲ್ಲಿ ಪಿಜಿಯಲ್ಲಿದ್ದಾಗ ನಾನೂ ಕೊಟ್ಟಿದ್ದೀನಿ. ಎರಡು ಬೀದಿ ಆಚೆಗಿರೋ ಅಂಗಡಿಯಿಂದ ಮೊಸರು ತರಿಸೋಕೆ ಡೆಲಿವರಿ ಚಾರ್ಜ್ ಕೊಟ್ಟು, ಉಳಿದ ಹದಿನೈದು ನಿಮಿಷ ರೀಲ್ಸ್ ನೋಡಿದ್ದೀನಿ. ಅದನ್ನ ಟೈಮ್ ಉಳಿಸಿದ್ದು ಅಂತ ಹೇಳೋಕೆ ನನಗೇ ನಾಚಿಕೆ ಆಗುತ್ತೆ. ಇಲ್ಲಿಗೆ ಬಂದ ಮೇಲೆ ಆ ಸಮಸ್ಯೆ ಇಲ್ಲ, ಯಾಕಂದ್ರೆ ಆ ಡೆಲಿವರಿನೂ ಇಲ್ಲ.

ನಮ್ಮ ಮನೇಲಿ ಈ ಜಗಳ ಬಂದಿದ್ದು ಕಾಫಿ ಹಣ್ಣಿನ ವಿಷಯಕ್ಕೆ. 2024ರ ಡಿಸೆಂಬರ್. ನಮ್ಮದು ಮೂರು ಎಕರೆ ಅರೇಬಿಕಾ. ಹಣ್ಣು ಕೊಯ್ದ ಮೇಲೆ ಸಣ್ಣ ಬೆಳೆಗಾರನಿಗೆ ಮುಖ್ಯವಾಗಿ ಎರಡು ದಾರಿ. ಒಂದು, ಅವತ್ತೇ ಸಂಜೆ ಹಣ್ಣನ್ನ ಹಾಗೇ ತೂಕ ಹಾಕಿ ಮಾರಿಬಿಡೋದು. ತಗೊಂಡೋರು ತಮ್ಮ ಪಲ್ಪರ್‌ಗೆ ಹಾಕಿ ಪಾರ್ಚ್‌ಮೆಂಟ್ ಮಾಡ್ಕೋತಾರೆ, ಅದರ ಲಾಭ ಅವರದ್ದು. ಎರಡು, ಮನೆ ಕಣದಲ್ಲಿ ಹರಡಿ ಒಣಗಿಸಿ, ಚೆರಿ ಮಾಡಿ, ಮೂಟೆ ಕಟ್ಟಿ, ರೇಟು ನೋಡ್ಕೊಂಡು ಮಾರೋದು. ನಮ್ಮಲ್ಲಿ ಪಲ್ಪರ್ ಇಲ್ಲ, ಹಾಗಾಗಿ ಅಜ್ಜನ ಕಾಲದಿಂದ ಚೆರಿನೇ.

ಕಣ ಅಂದ್ರೆ ಏನು ಅಂತ ಪೇಟೆಯವರಿಗೆ ಹೇಳ್ಬೇಕು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಟಾರ್ಪಾಲು ತೆಗೆದು ಹಣ್ಣು ಹರಡಬೇಕು. ಗಂಟೆಗೊಂದು ಸಲ ಕೈಯಾಡಿಸ್ಬೇಕು, ಇಲ್ಲಾಂದ್ರೆ ಅಡಿಯಲ್ಲಿ ಬೂಸ್ಟು. ಸಂಜೆ ಮತ್ತೆ ಗುಡ್ಡೆ ಮಾಡಿ ಮುಚ್ಚಬೇಕು. ರಾತ್ರಿ ನಾಲ್ಕು ಹನಿ ಬಿದ್ದ ಸದ್ದಾದ್ರೆ ಎದ್ದು ಓಡಬೇಕು. ಬಿಸಿಲು ಚೆನ್ನಾಗಿದ್ರೆ ಎರಡು ವಾರ, ನಮ್ಮ ಎತ್ತರದಲ್ಲಿ ಮಂಜು ಕೂತ್ರೆ ಮೂರು ವಾರನೂ ಆಗುತ್ತೆ. ಅರೇಬಿಕಾ ಚೆರಿಯಲ್ಲಿ ತೇವಾಂಶ 10.5 ಪರ್ಸೆಂಟ್‌ಗೆ ಇಳಿಬೇಕು. ಇಳೀದಿದ್ರೆ ವ್ಯಾಪಾರಿ ಮೀಟರ್ ಚುಚ್ಚಿ ನೋಡಿ ರೇಟಲ್ಲಿ ಕಟ್ ಮಾಡ್ತಾರೆ.

ಇಷ್ಟೂ ಕೆಲಸ ಮಾಡ್ತಿದ್ದದ್ದು ಅಮ್ಮ. ಆ ವರ್ಷ ಅವರ ಮಂಡಿ ನೋವು ಜೋರಾಯ್ತು. ಡಾಕ್ಟ್ರು ಕುಕ್ಕರಗಾಲಲ್ಲಿ ಕೂರಬೇಡಿ, ಬಗ್ಗಿ ಭಾರ ಎತ್ತಬೇಡಿ ಅಂದ್ರು. ಕಣದ ಕೆಲಸ ಅಂದ್ರೆ ಅವೆರಡೇ.

ನಾನು ಹೇಳ್ದೆ, ಈ ಸಲ ಹಣ್ಣೇ ಮಾರೋಣ. ಅಪ್ಪ ಒಪ್ಪಲಿಲ್ಲ. "ಮನೇಲೇ ಆಗೋ ಕೆಲ್ಸಕ್ಕೆ ಯಾರಿಗೋ ದುಡ್ಡು ಬಿಟ್ಟುಕೊಡ್ತೀಯಾ? ಬಿಕಾಂ ಓದಿದ್ದು ಇದಕ್ಕಾ?" ಅಂದ್ರು. ಬಿಕಾಂ ವಿಷಯ ಬಂತಲ್ಲ, ಸರಿ, ಪೆನ್ನು ತಗೊಂಡೆ.

ಮೂರು ಟನ್ ಹಣ್ಣು ಒಣಗಿಸಿದ್ರೆ ಐವತ್ತು ಕೆಜಿಯ ಸುಮಾರು 19 ಮೂಟೆ ಚೆರಿ. ಆವಾಗಿನ ರೇಟಲ್ಲಿ ಹಣ್ಣು ಮಾರಿದ್ರೆ ಬರೋದಕ್ಕಿಂತ 14,000 ಜಾಸ್ತಿ ಸಿಗ್ತಿತ್ತು. ಟಾರ್ಪಾಲು, ಗೋಣಿಚೀಲ, ಪಿಕಪ್ ಬಾಡಿಗೆ ಸೇರಿ 3,000 ಕಳೀರಿ. ಉಳಿದಿದ್ದು 11,000. ಅದಕ್ಕೆ ಅಮ್ಮ ದಿನಕ್ಕೆ ನಾಲ್ಕು ಗಂಟೆ, ಐವತ್ತು ದಿನ. ಅಪ್ಪ ದಿನಕ್ಕೊಂದು ಗಂಟೆ. ಒಟ್ಟು 250 ಗಂಟೆ. ಭಾಗಿಸಿದ್ರೆ ಗಂಟೆಗೆ 44 ರೂಪಾಯಿ.

ಹಣ್ಣು ಬಿಡಿಸೋಕೆ ಬರೋ ಆಳಿಗೆ ನಾವು ಕೊಡ್ತಿದ್ದದ್ದು ಎಂಟು ಗಂಟೆಗೆ 450. ಅಂದ್ರೆ ಗಂಟೆಗೆ 56. ನಮ್ಮ ತೋಟದಲ್ಲಿ ಎಲ್ರಿಗಿಂತ ಕಡಿಮೆ ಕೂಲಿಗೆ ದುಡೀತಿದ್ದವರು ತೋಟದ ಯಜಮಾನರು ಮತ್ತು ಅವರ ಹೆಂಡ್ತಿ!

ಕಾಸ್ಟ್ ಅಕೌಂಟಿಂಗ್‌ನಲ್ಲಿ ಇಂಪ್ಯೂಟೆಡ್ ಕಾಸ್ಟ್ ಅಂತ ಒಂದಿದೆ. ಜೇಬಿಂದ ಹೋಗಲ್ಲ, ಪುಸ್ತಕದಲ್ಲಿ ಬರಲ್ಲ, ಆದ್ರೆ ಖರ್ಚು ಖರ್ಚೇ. ಎಕ್ಸಾಮಲ್ಲಿ ಐದು ಮಾರ್ಕ್ಸಿಗೆ ಬರೆದಿದ್ದೆ. ಅದಕ್ಕೊಂದು ಮುಖ ಇದೆ ಅಂತ ಅವತ್ತು ಗೊತ್ತಾಯ್ತು. ಇದು ನಮ್ಮ ಮನೆ ಕಥೆ ಮಾತ್ರ ಅಲ್ಲ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಗಂಡಸರು 97. "ಮನೇಲೇ ಆಗುತ್ತೆ" ಅಂತ ನಾವು ಹೇಳುವಾಗ ಯಾರ ಗಂಟೆಯನ್ನ ಖರ್ಚು ಮಾಡ್ತಿದ್ದೀವಿ ಅಂತ ಕೇಳ್ಕೋಬೇಕು. ಉಳಿದ ದುಡ್ಡು ಅಪ್ಪನ ಪಾಸ್‌ಬುಕ್ಕಿಗೆ, ಹೋದ ಗಂಟೆ ಅಮ್ಮನ ಮಂಡಿಗೆ.

ಅಂತೂ ಹಣ್ಣು ಮಾರಿದ್ವಿ.

ಕಥೆ ಇಲ್ಲಿಗೆ ಮುಗಿದಿದ್ರೆ ನಾನು ಹೀರೋ ಆಗ್ತಿದ್ದೆ. 2025ರ ಫೆಬ್ರವರಿಯಲ್ಲಿ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಅರೇಬಿಕಾ ದಾಖಲೆ ಬೆಲೆಗೆ ಹೋಯ್ತು, ಪೌಂಡಿಗೆ ನಾಲ್ಕು ಡಾಲರ್ ದಾಟ್ತು. ಇಲ್ಲೂ ರೇಟು ಏರಿತು. ಅಪ್ಪ ಬೆಳಿಗ್ಗೆ ವಾಟ್ಸಾಪಲ್ಲಿ ಬರೋ ರೇಟ್ ಮೆಸೇಜನ್ನ ಜೋರಾಗಿ ಓದೋಕೆ ಶುರು ಮಾಡಿದ್ರು, ನನಗೆ ಕೇಳಿಸ್ಲಿ ಅಂತಾನೇ. ಮೂಟೆಗೆ 2,000 ಜಾಸ್ತಿ ಸಿಗ್ತಿತ್ತು ಅನ್ನೋದು ಅವರ ಲೆಕ್ಕ. 19 ಮೂಟೆಗೆ 38,000. ಮೊದಲಿನ 11,000 ಸೇರಿಸಿ 250 ಗಂಟೆಗೆ ಭಾಗಿಸಿದ್ರೆ ಗಂಟೆಗೆ 196 ರೂಪಾಯಿ. ಆಡಿಟರ್ ಆಫೀಸಲ್ಲಿ ನನ್ನ ಮೊದಲ ಸಂಬಳ ಗಂಟೆಗೆ ಅಷ್ಟು ಬೀಳ್ತಿರಲಿಲ್ಲ.

ಹಾಗಾದ್ರೆ ನಾನು ತಪ್ಪು ಮಾಡಿದ್ನಾ? ಇದನ್ನ ತುಂಬಾ ದಿನ ಯೋಚಿಸಿದ್ದೀನಿ. ಆ 38,000 ಕೈಯಾಡಿಸಿದ್ದಕ್ಕೆ ಸಿಗೋ ಕೂಲಿ ಅಲ್ಲ. ಅದು ಕಾಯ್ದಿದ್ದಕ್ಕೆ, ರಿಸ್ಕ್ ತಗೊಂಡಿದ್ದಕ್ಕೆ ಸಿಗೋದು. ರೇಟು ಬಿದ್ದಿದ್ರೆ ಅದೇ ಲೆಕ್ಕ ಮೈನಸ್ ಆಗ್ತಿತ್ತು. ಆದ್ರೆ ಒಂದು ಮಾತು ಒಪ್ಕೋಬೇಕು. ಕಾಯೋ ಹಕ್ಕು ಸಿಗೋದೇ ಒಣಗಿಸಿದವರಿಗೆ. ಹಣ್ಣನ್ನ ಅವತ್ತೇ ಕೊಡಬೇಕು, ಕೇಳಿದ ರೇಟಿಗೆ ಕೊಡಬೇಕು. ಚೆರಿಯನ್ನ ಉಗ್ರಾಣದಲ್ಲಿಟ್ಟು ತಿಂಗಳುಗಟ್ಟಲೆ ಕಾಯಬಹುದು. ಅಂದ್ರೆ ನಾನು ಕೊಂಡ ಆರಾಮಿನ ಬೆಲೆ 11,000 ಮಾತ್ರ ಆಗಿರಲಿಲ್ಲ, ಅದರ ಜೊತೆ ಆ ಹಕ್ಕನ್ನೂ ಬಿಟ್ಟುಕೊಟ್ಟಿದ್ದೆ. ಅದು ನನ್ನ ಚೀಟಿಯಲ್ಲಿ ಇರಲೇ ಇಲ್ಲ.

ಕೆನಡಾದ ವ್ಯಾಂಕೂವರಲ್ಲಿ ಆಶ್ಲಿ ವಿಲನ್ಸ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಮಾಡಿದ್ರು, 2017ರಲ್ಲಿ ಪ್ರಕಟವಾಯ್ತು. ಕೆಲಸಕ್ಕೆ ಹೋಗೋ 60 ಜನಕ್ಕೆ ಒಂದು ವಾರಾಂತ್ಯ 40 ಡಾಲರ್ ಕೊಟ್ಟು ಏನಾದ್ರೂ ವಸ್ತು ತಗೊಳ್ಳಿ ಅಂದ್ರು, ಇನ್ನೊಂದು ವಾರಾಂತ್ಯ ಅಷ್ಟೇ ದುಡ್ಡು ಕೊಟ್ಟು ಟೈಮ್ ಉಳಿಸೋಕೆ ಬಳಸಿ ಅಂದ್ರು. ಟೈಮ್ ಕೊಂಡ ದಿನ ಜನ ಹೆಚ್ಚು ಖುಷಿಯಾಗಿದ್ರು. ನಾನು ಇದನ್ನ ಅಮ್ಮನಿಗೆ ಹೇಳಿ, "ನಿಂಗೆ ಹೇಗನ್ನಿಸ್ತು?" ಅಂತ ಕೇಳ್ದೆ. "ಮೊದಲ ವಾರ ನಿದ್ದೆ ಬಂತು ಮಗಾ. ಆಮೇಲೆ ಕಣ ಖಾಲಿ ನೋಡೋಕೆ ಬೇಜಾರಾಯ್ತು" ಅಂದ್ರು. ವ್ಯಾಂಕೂವರಲ್ಲಿ ಯಾರಿಗೂ ಕಣ ಇರಲಿಲ್ಲ ಅನ್ಸುತ್ತೆ.

ಆದ್ರೆ ಆ ಐವತ್ತು ದಿನದಲ್ಲಿ ಅಮ್ಮ ವಾರಕ್ಕೆರಡು ಸಲ ಚಿಕ್ಕಮಗಳೂರಿಗೆ ಹೋಗಿ ಫಿಸಿಯೋಥೆರಪಿ ಮುಗಿಸಿದ್ರು. ಕಣ ತುಂಬಿದ್ರೆ ಒಂದು ದಿನಾನೂ ಹೋಗ್ತಿರಲಿಲ್ಲ, ಇದು ಗ್ಯಾರಂಟಿ. ಆ ಓಡಾಟದಲ್ಲೂ ಇದೇ ಲೆಕ್ಕ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ. ಬೆಳಿಗ್ಗೆ ಹೋಗೋಕೆ ಅಮ್ಮನಿಗೆ ಅದೇ ಬೇಕು, ಟೈಮಿಗೆ ಸಿಗುತ್ತೆ. ವಾಪಸ್ ಬರುವಾಗ ಬಸ್ಸಿಗೆ ಎರಡು ಗಂಟೆ ಕಾಯೋ ಬದಲು ದುಡ್ಡು ಕೊಟ್ಟು ಜೀಪಲ್ಲಿ ಬರ್ತಾರೆ. "ಕಾಯೋದೂ ಒಂದು ಟಿಕೆಟ್ಟೇ" ಅಂತಾರೆ. ಆದ್ರೆ ಶನಿವಾರ, ಭಾನುವಾರ ಮಾತ್ರ ಜೀಪಿಗೆ ಒಂದು ರೂಪಾಯಿನೂ ಕೊಡಲ್ಲ. ಟೂರಿಸ್ಟ್ ಕಾರುಗಳ ಸಾಲಲ್ಲಿ ಘಾಟಿ ಜಾಮ್ ಆದ್ರೆ ಜೀಪೂ ಅಲ್ಲೇ, ಬಸ್ಸೂ ಅಲ್ಲೇ. ಜಾಸ್ತಿ ದುಡ್ಡು ಕೊಟ್ಟು ಅದೇ ಜಾಮಲ್ಲಿ ಕೂರೋದು ಯಾವ ಆರಾಮು?

ಈ ವರ್ಷದ ಕೊಯ್ಲು ಹತ್ರ ಬಂದಿದೆ. ಮೊನ್ನೆ ಮೂವರೂ ಕೂತಿದ್ವಿ. ನಾನು ಮೂರನೇ ದಾರಿ ಹೇಳ್ದೆ: ಅಮ್ಮನ ಬದಲು ಕಣಕ್ಕೆ ಅರ್ಧ ದಿನದ ಆಳು ಇಡೋಣ. 225ರಂತೆ ಐವತ್ತು ದಿನಕ್ಕೆ 11,250. ಕೈಗೆ ಬರೋದು ಹಣ್ಣು ಮಾರಿದಷ್ಟೇ, ಆದ್ರೆ ಚೆರಿ ನಮ್ಮ ಹತ್ರನೇ ಇರುತ್ತೆ, ಕಾಯಬಹುದು. ನನಗೆ ನನ್ನ ಮೇಲೇ ಹೆಮ್ಮೆ ಆಯ್ತು. ಅಮ್ಮ ಕೇಳಿದ್ರು, "ಕೊಯ್ಲಿನ ಟೈಮಲ್ಲಿ ಸಿಗೋ ಒಬ್ಬ ಆಳನ್ನ ಹಣ್ಣು ಬಿಡಿಸೋದು ಬಿಟ್ಟು ಕಣಕ್ಕೆ ಹಾಕ್ತೀಯಾ? ಗಿಡದಲ್ಲಿರೋದು ಉದುರಿದ್ರೆ?" ನನ್ನ ಹತ್ರ ಉತ್ತರ ಇರಲಿಲ್ಲ.

ಕೊನೆಗೆ ಲೆಕ್ಕ ಹಾಕಿದ್ದು ಅವರೇ. ಮೊದಲೆರಡು ಸುತ್ತಿನ ಹಣ್ಣು ಮಾರೋದು, ಆಗ ಮಂಜು ಜಾಸ್ತಿ, ರಾತ್ರಿ ಎದ್ದು ಓಡೋದೂ ಜಾಸ್ತಿ. ಕೊನೆ ಸುತ್ತಲ್ಲಿ ಕಾಯಿ, ಹಣ್ಣು, ಗಿಡದಲ್ಲೇ ಒಣಗಿದ್ದು ಎಲ್ಲ ಸೇರಿ ಬರುತ್ತೆ, ಅದನ್ನ ಹೇಗಿದ್ರೂ ಒಣಗಿಸಲೇಬೇಕು. ಅಷ್ಟೊತ್ತಿಗೆ ಬಿಸಿಲೂ ಬಂದಿರುತ್ತೆ, ಆಳೂ ಬಿಡುವಾಗಿರ್ತಾರೆ. ಆ ಚೆರಿಯನ್ನ ಅಪ್ಪ ಎಷ್ಟು ದಿನ ಬೇಕಾದ್ರೂ ಇಟ್ಕೊಂಡು ರೇಟ್ ಮೆಸೇಜ್ ಓದಬಹುದು.

ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚೋದು ಯಾರು ಅಂತ ಅಪ್ಪ ಕೇಳಿದ್ರು. ಅಮ್ಮ ನನ್ನ ಕಡೆ ನೋಡಿದ್ರು. ಹಾಗಾಗಿ ಜನವರಿಯಲ್ಲಿ ಎಪಿಸೋಡ್‌ಗಳು ಸ್ವಲ್ಪ ಲೇಟಾಗಿ ಬರಬಹುದು. ಸಿಗೋಣ.